ಐದು ವರ್ಷ ಬಳಸಿದ ಎಂಟಡಿ ಸ್ಲೇಟ್ ಪೂಲ್ ಟೇಬಲ್: ದಾವಣಗೆರೆಯ ಬಿಸಿಲು, ದೂಳಿಗೆ ಏನು ತಡೆಯಿತು, ಏನು ಕೆಟ್ಟಿತು

ಬಳಸಿದ ಸಾಮಾನು ಇಷ್ಟು: ಎಂಟಡಿ ಪೂಲ್ ಟೇಬಲ್, ಒಂದು ಇಂಚು ದಪ್ಪದ ಮೂರು ತುಂಡಿನ ಸ್ಲೇಟ್ ಕಲ್ಲು, ಕೆ-66 ಆಕಾರದ ಕುಶನ್ (ಬಾಲ್ ಬಡಿದು ಮರಳುವ ಬದಿ) ರಬ್ಬರ್, ಅರಾಮಿತ್ ಕಂಪನಿಯ ಬಾಲ್ ಸೆಟ್, ನಾಲ್ಕು ಮೇಪಲ್ ಸ್ಟಿಕ್. ಜಾಗ ದಾವಣಗೆರೆ ವಿದ್ಯಾನಗರದ ಮನೆಯೊಂದರ ಮೊದಲ ಮಹಡಿ, ಪಡುವಣಕ್ಕೆ ಒಂದು ದೊಡ್ಡ ಕಿಟಕಿ. ದಿನಕ್ಕೆ ಹೆಚ್ಚುಕಡಿಮೆ ಎರಡು ತಾಸು ಆಟ. ಐದು ವರ್ಷ ಆದಮೇಲೆ ಕಲ್ಲು ತಂದಾಗ ಹೇಗಿತ್ತೋ ಹಾಗೇ ಇದೆ. ಬಟ್ಟೆ ಎರಡನೆಯದು. ಪಡುವಣ ಕಡೆಯ ರಬ್ಬರ್ ಸತ್ತಿದೆ. ನಾಲ್ಕು ಸ್ಟಿಕ್‌ಗಳಲ್ಲಿ ಒಂದು ಬಾಗಿದೆ. ಕಾಲಿನ ಕೆತ್ತನೆ ಮಾತ್ರ ಮಿರಮಿರ ಮಿಂಚುತ್ತಿದೆ, ಅದರಿಂದ ಆಟಕ್ಕೆ ಮೂರು ಕಾಸಿನ ಉಪಯೋಗ ಇಲ್ಲ. ಆ ದುಡ್ಡು ಬಟ್ಟೆಗೆ ಹೋಗಬೇಕಿತ್ತು.

ಮೊದಲು ಜಾಗದ ಲೆಕ್ಕ. ಎಂಟಡಿ ಅಂತ ಕರೆದರೂ ಆಟದ ಹಾಸು, ಅಂದರೆ ಒಂದು ಕುಶನ್ನಿನ ಮೂಗಿನಿಂದ (ಬಾಲ್ ತಾಗುವ ಅಂಚು) ಎದುರಿನ ಕುಶನ್ನಿನ ಮೂಗಿನವರೆಗೆ, 88 ಇಂಚು ಉದ್ದ, 44 ಇಂಚು ಅಗಲ. ಸ್ಟಿಕ್ 58 ಇಂಚು. ಎರಡೂ ಕಡೆ ಒಂದೊಂದು ಸ್ಟಿಕ್ ಉದ್ದ ಕೂಡಿಸಿದರೆ ಕೋಣೆ 17 ಅಡಿಗೆ 13 ಅಡಿ 4 ಇಂಚು ಇರಬೇಕು. ಅದೂ ಗೋಡೆಗೆ ಬೀರು, ಸೋಫಾ ಏನೂ ಒರಗಿಸದೆ. ಒಂದು ಮೂಲೆಯಲ್ಲಿ ಕಂಬ ಅಡ್ಡ ಬಂದರೆ 48 ಇಂಚಿನ ಗಿಡ್ಡ ಸ್ಟಿಕ್ ಒಂದು ಇಟ್ಟುಕೊಂಡರೆ ನಡೆಯುತ್ತದೆ. ಎಲ್ಲ ಕಡೆಯೂ ಗಿಡ್ಡ ಸ್ಟಿಕ್ಕೇ ಬೇಕಾಗುವ ಕೋಣೆಯಾದರೆ ಏಳಡಿ ಟೇಬಲ್ ತಗೊಳ್ಳಿ, ಹಟ ಬೇಡ.

ತೂಕದ ಬಗ್ಗೆ ಕೇಳುವವರು ಬಹಳ. ಕಲ್ಲೇ 200 ಕೆ.ಜಿ. ದಾಟುತ್ತದೆ, ಒಂದೊಂದು ತುಂಡು 70 ಕೆ.ಜಿ. ಆಸುಪಾಸು. ಮರ ಸೇರಿ ಇಡೀ ಟೇಬಲ್ 350 ಕೆ.ಜಿ. ಹತ್ತಿರ ಬರುತ್ತದೆ. ಸರಿಯಾಗಿ ಕಟ್ಟಿದ ಆರ್‌ಸಿಸಿ ಮಹಡಿಗೆ ಇದು ಹೆಚ್ಚಲ್ಲ. ತೊಂದರೆ ಇರೋದು ಟೈಲ್ಸಿಗೆ. ಅಷ್ಟೂ ಭಾರ ನಾಲ್ಕು ಕಾಲಿನ ಅಡಿ ನಿಲ್ಲುತ್ತದೆ. ಕಾಲು ಬರುವ ಜಾಗದಲ್ಲಿ ನಾಣ್ಯದಿಂದ ತಟ್ಟಿ ನೋಡಿ; ಟೊಳ್ಳು ಸದ್ದು ಬಂದರೆ ಆ ಟೈಲ್ ಇವತ್ತಲ್ಲ ನಾಳೆ ಬಿರಿಯುತ್ತದೆ. 12 ಮಿ.ಮೀ. ಪ್ಲೈವುಡ್ಡನ್ನು ಎಂಟು ಇಂಚಿನ ಚೌಕ ಕೊಯ್ದು ಒಂದೊಂದು ಕಾಲಿನ ಅಡಿ ಹಾಕಿದ್ದರಿಂದ ಇಲ್ಲಿ ಐದು ವರ್ಷದಲ್ಲಿ ಒಂದು ಟೈಲೂ ಬಿರಿದಿಲ್ಲ.

ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಅದರ ಹಾಸಿನ ಟೇಬಲ್ ಅಗ್ಗ, ಇಬ್ಬರೇ ಎತ್ತಿಡಬಹುದು. ಆದರೆ ಎಂಡಿಎಫ್ ತೇವ ಕುಡಿದು ಉಬ್ಬುತ್ತದೆ, ಒಮ್ಮೆ ಉಬ್ಬಿದ್ದು ಮತ್ತೆ ಕೂರುವುದಿಲ್ಲ. ಮಕ್ಕಳಾಟಕ್ಕೆ ಸಾಕು. ಮಾರ್ಬಲ್ ಹಾಸನ್ನೂ ತೋರಿಸುತ್ತಾರೆ. ಯಂತ್ರದಲ್ಲಿ ಸಮ ಮಾಡಿದ್ದರೆ ಆಡಲು ಅಡ್ಡಿಯಿಲ್ಲ. ಕಲ್ಲು ಯಾವುದೇ ಇರಲಿ, ಬಟ್ಟೆ ಹೊದಿಸುವ ಮುಂಚೆ ನೋಡಬೇಕು. ಉದ್ದನೆಯ ಅಲ್ಯೂಮಿನಿಯಂ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ, ಆಚೆ ಕಡೆಯಿಂದ ಟಾರ್ಚ್ ಬಿಡಿ. ಪಟ್ಟಿಯ ಅಡಿಯಿಂದ ಬೆಳಕು ಸೋರುವ ಕಡೆ ತಗ್ಗಿದೆ ಎಂದು ಅರ್ಥ. ಪಂದ್ಯದ ಟೇಬಲ್ಲುಗಳಿಗೆ ಇರುವ ಮಿತಿ ಉದ್ದಕ್ಕೆ ಅರ್ಧ ಮಿ.ಮೀ., ಅಗಲಕ್ಕೆ ಕಾಲು ಮಿ.ಮೀ. ಮನೆಯಲ್ಲಿ ಅಷ್ಟು ಹಿಡಿಯೋದು ಕಷ್ಟ, ಆದರೆ ಪಟ್ಟಿಯ ಕೆಳಗೆ ಎಟಿಎಂ ಕಾರ್ಡ್ ತೂರಿತು ಅಂದರೆ ಆ ಕಲ್ಲು ವಾಪಸ್ ಕಳಿಸಿ.

ಲೆವೆಲ್ ಮಾಡೋದರಲ್ಲೇ ಹೆಚ್ಚಿನವರು ಎಡವುವುದು. ಮೊದಲು ಮರದ ಚೌಕಟ್ಟು ಲೆವೆಲ್ಲಿಗೆ ಬರಬೇಕು, ಆಮೇಲೆ ಕಲ್ಲು. ನಡುವಿನ ತುಂಡು ಮೊದಲು ಕೂರಿಸಿ, ಅದಕ್ಕೆ ಹೊಂದುವಂತೆ ಎರಡು ಬದಿಯವು. ಸಂದಿನ ಮೇಲೆ ಕಣ್ಣು ಮುಚ್ಚಿ ಬೆರಳು ಎಳೆದರೆ ಮೆಟ್ಟಿಲು ಸಿಗಬಾರದು. ಸಿಕ್ಕರೆ ತಗ್ಗಾದ ತುಂಡಿನ ಅಡಿ ಇಸ್ಪೀಟ್ ಎಲೆ ಒಂದೊಂದಾಗಿ ತೂರಿಸುತ್ತ ಹೋಗಬೇಕು. ಇದಕ್ಕಿಂತ ಒಳ್ಳೆಯ ತೆಳು ಪಟ್ಟಿ ಬೇರೆ ಇಲ್ಲ.

ಸಂದಿಗೆ ತುಂಬುವ ಮಾಲಿನ ಬಗ್ಗೆ ಒಂದು ತಕರಾರಿದೆ. ಜೋಡಿಸಿಕೊಟ್ಟವರು ಜೇನುಮೇಣ ತುಂಬಿ ಹೋಗಿದ್ದರು. ತಂಪು ಊರಿಗೆ ಮೇಣ ಸರಿ, ಬೇಕೆಂದಾಗ ಬಿಚ್ಚಲೂ ಸುಲಭ. ಇಲ್ಲಿ ಏಪ್ರಿಲ್ ತಿಂಗಳು ಮುಚ್ಚಿದ ಮೇಲ್ಮಹಡಿ ಕೋಣೆ ಕಾದ ಕಾವಲಿ. ಮೇಣ ಮೆತ್ತಗಾಗಿ ಸಂದಿನಲ್ಲಿ ಕುಸಿಯಿತು, ಬಟ್ಟೆಯ ಮೇಲೆ ಸಣ್ಣ ಗೆರೆ ಬಿತ್ತು, ನಿಧಾನಕ್ಕೆ ಹೊರಟ ಬಾಲ್ ಆ ಗೆರೆ ದಾಟುವಾಗ ತುಸು ತಡೆಯುತ್ತಿತ್ತು. ಬಟ್ಟೆ ಬದಲಿಸಿದಾಗ ಮೇಣ ಕೆರೆದು, ಕಾರಿನ ಡೆಂಟಿಂಗ್‌ನವರು ಬಳಸುವ ಎರಡು ಕೂಡಿಸಿ ಕಲಸುವ ಪುಟ್ಟಿ ತುಂಬಿದ ಮೇಲೆ ಆ ರಗಳೆ ಹೋಯಿತು. ಪುಟ್ಟಿ ಹಚ್ಚುವ ಮುಂಚೆ ಸಂದಿನ ಜಿಡ್ಡು ಪೂರಾ ಹೋಗಬೇಕು, ಇಲ್ಲದಿದ್ದರೆ ಹಿಡಿಯದು.

ನೆಲಮಹಡಿಯಲ್ಲಿ ಇಡುವವರಿಗೆ ಇನ್ನೊಂದು ಮಾತು. ನಮ್ಮ ಕಡೆ ಎರೆ ಮಣ್ಣಿನ ಮೇಲೆ ಕಟ್ಟಿದ ಮನೆಗಳು ಸಾಕಷ್ಟಿವೆ. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿದು ಕುಗ್ಗುತ್ತದೆ, ಅದರ ಜೊತೆ ನೆಲವೂ ಅಲುಗುತ್ತದೆ. ಅಂಥ ಕಡೆ ಮಳೆಗಾಲ ಹಿಡಿದ ಮೇಲೆ ಒಮ್ಮೆ, ಯುಗಾದಿ ಹೊತ್ತಿಗೆ ಒಮ್ಮೆ ಲೆವೆಲ್ ನೋಡಲೇಬೇಕು. ನೋಡುವ ರೀತಿ: ಬಾಲನ್ನು ಎದುರಿನ ಕುಶನ್ ಮುಟ್ಟುವಷ್ಟೇ ಜೋರಿನಲ್ಲಿ ಉದ್ದಕ್ಕೆ ಉರುಳಿಸಿ. ಕೊನೆಯ ಒಂದಡಿಯಲ್ಲಿ ಅದು ಎತ್ತ ವಾಲುತ್ತದೆ ಗಮನಿಸಿ. ಅದೇ ಗೆರೆಯಲ್ಲಿ ಎದುರುಗಡೆಯಿಂದಲೂ ಉರುಳಿಸಿ. ಎರಡು ಸಲವೂ ಒಂದೇ ಗೋಡೆಯ ಕಡೆ ವಾಲಿದರೆ ಟೇಬಲ್ ಇಳಿಜಾರು. ಒಮ್ಮೆ ಅತ್ತ ಒಮ್ಮೆ ಇತ್ತ ಹೋದರೆ ಬೇರೆ ಬಾಲ್ ತಗೊಂಡು ನೋಡಿ, ತಪ್ಪು ಬಾಲಿನದ್ದೇ ಇರಬಹುದು.

ಇನ್ನು ಬಟ್ಟೆ. ಇದರಲ್ಲಿ ಎರಡು ಜಾತಿ. ಸ್ನೂಕರ್ ಬಟ್ಟೆಗೆ ನವಿರಾದ ರೋಮ ಒಂದೇ ದಿಕ್ಕಿಗೆ ಮಲಗಿರುತ್ತದೆ. ಪೂಲಿಗೆ ಅಂತಲೇ ನೇಯ್ದ ವರ್ಸ್ಟೆಡ್ ಬಟ್ಟೆಗೆ ರೋಮ ಇಲ್ಲ, ಪ್ಯಾಂಟ್ ಪೀಸಿನಂತೆ ನುಣುಪು. ಬೆಲ್ಜಿಯಂನ ಸಿಮೋನಿಸ್ 860 ಇದೇ ಜಾತಿ: 90 ಪಾಲು ಉಣ್ಣೆ, 10 ಪಾಲು ನೈಲಾನ್. ಟೇಬಲ್ ಜೊತೆ ಬಂದದ್ದು ಸ್ನೂಕರ್ ಜಾತಿಯದು, ಬಿಲ್ಲಿನಲ್ಲಿ ಬರೆದದ್ದು ವರ್ಸ್ಟೆಡ್. ಕೊಳ್ಳುವಾಗ ಅಂಗೈ ಆಡಿಸಿ ನೋಡಿ. ಒಂದು ಕಡೆಗೆ ನಯ, ಎದುರು ದಿಕ್ಕಿಗೆ ಒರಟು ಅನ್ನಿಸಿದರೆ ಅದು ರೋಮದ ಬಟ್ಟೆ.

ರೋಮದ ಬಟ್ಟೆಗೆ ಆರೈಕೆ ಜಾಸ್ತಿ. ಬ್ರೇಕ್ (ಆಟದ ಮೊದಲ ಹೊಡೆತ) ಹೊಡೆಯುವ ತುದಿಯಿಂದ ಎದುರು ತುದಿಗೆ ಒಂದೇ ದಿಕ್ಕಿನಲ್ಲಿ ಬ್ರಶ್ ಎಳೆಯಬೇಕು, ಗೋಲಾಕಾರ ತಿರುಗಿಸಿದರೆ ರೋಮ ಕೆದರಿ ಬಾಲ್ ಅಡ್ಡಾದಿಡ್ಡಿ ಓಡುತ್ತದೆ. ಇಸ್ತ್ರಿಯೂ ಅದೇ ದಿಕ್ಕಿಗೆ, ಸ್ಟೀಮ್ ಇಲ್ಲದೆ. ಕಾವು ಸರಿಯಿದೆಯೇ ಎಂದು ಮೊದಲು ಹಳೆ ಪೇಪರ್ ಮೇಲೆ ಇಟ್ಟು ನೋಡಿ, ಪೇಪರ್ ಕಂದಿದರೆ ಬಟ್ಟೆಯೂ ಸುಡುತ್ತದೆ. ಎರಡೂವರೆ ವರ್ಷಕ್ಕೆ ಬಟ್ಟೆ ಬೋಳಾಯಿತು. ಈಗಿನ ವರ್ಸ್ಟೆಡ್ಡಿಗೆ ಬ್ರಶ್ಶೂ ಬೇಡ, ಇಸ್ತ್ರಿಯೂ ಬೇಡ. ವಾರಕ್ಕೊಮ್ಮೆ ಮೆಲ್ಲಗೆ ವ್ಯಾಕ್ಯೂಮ್, ಆಮೇಲೆ ಹಿಂಡಿ ಹಿಂಡಿ ನೀರೇ ಇಲ್ಲದಂತೆ ಮಾಡಿದ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೆ ಮುಗೀತು. ಸ್ಟಿಕ್ಕಿನ ತುದಿಗೆ ಹಚ್ಚುವ ಚಾಕಿನ ಪುಡಿ ಹೆಚ್ಚು ಕೂರೋದು ಕುಶನ್ನಿನ ಮೂಗಿನ ಅಡಿ. ಅಲ್ಲಿ ಬೆರಳು ಹಾಕಿ ನೋಡಿದರೆ ನೀಲಿ ಹಿಡಿಯುತ್ತದೆ.

ಆಷಾಢದ ಗಾಳಿಗೆ ಕಿಟಕಿ ಮುಚ್ಚಿದ್ದರೂ ದೂಳು ಬಂದೇ ಬರುತ್ತದೆ. ಹೊದಿಕೆ ಬೇಕೇ ಬೇಕು, ಆದರೆ ರೆಕ್ಸಿನ್ ಬೇಡ. ಜಡಿಮಳೆಯ ದಿನಗಳಲ್ಲಿ ಅದರ ಅಡಿ ತೇವ ಸಿಕ್ಕಿಕೊಂಡು ಬಟ್ಟೆ ಸಡಿಲಾಗಿ ಬಾಲ್ ಭಾರವಾಗಿ ಓಡುತ್ತದೆ. ದಪ್ಪನೆಯ ಕಾಟನ್ ಬೆಡ್‌ಶೀಟ್ ಎರಡು ಪದರ ಸಾಕು. ಮಿರ್ಚಿ-ಮಂಡಕ್ಕಿ ತಿಂದ ಕೈಗೆ ಟೇಬಲ್ ಹತ್ತಿರ ಪ್ರವೇಶ ಇಲ್ಲ. ಎಣ್ಣೆ ಕಲೆಗೆ ದೂಳು ಕೂತರೆ ಅಷ್ಟು ಜಾಗ ಗಟ್ಟಿಯಾಗಿ ಕಪ್ಪಾಗುತ್ತದೆ, ಹೋಗುವುದಿಲ್ಲ. ಕೈ ಬೆವರಿಗೆ ಪೌಡರ್ ಹಾಕುವ ಹುಡುಗರೂ ಅಷ್ಟೇ ಅಪಾಯ. ಮೂರು ಬೆರಳಿನ ಗ್ಲೌಸ್ ಕೊಡಿಸಿ, ಜಗಳ ಇರುವುದಿಲ್ಲ. ಬಾಲ್ ಜೋಡಿಸುವ ಚುಕ್ಕಿಯ ಮೇಲೆ ತೆಳು ಸ್ಟಿಕ್ಕರ್ ಅಂಟಿಸಿ, ಬ್ರೇಕಿನ ಬಿಸಿಗೆ ಬಟ್ಟೆ ಸುಟ್ಟು ಬಿಳಿ ಚುಕ್ಕೆ ಬೀಳೋದು ಅಲ್ಲೇ.

ಕುಶನ್ ಹಾಳಾದದ್ದು ನಮ್ಮದೇ ತಪ್ಪಿಂದ. ಪಡುವಣ ಕಿಟಕಿಯ ಇಳಿಬಿಸಿಲು ದಿನಾ ಒಂದು ಉದ್ದನೆ ಬದಿಗೆ ಬೀಳುತ್ತಿತ್ತು. ಬಿಸಿಲು, ಶಾಖಕ್ಕೆ ರಬ್ಬರ್ ಗಟ್ಟಿಯಾಗುತ್ತದೆ. ಈಗ ಆ ಬದಿಗೆ ಬಡಿದ ಬಾಲ್ ಸೋತು ಬರುತ್ತದೆ. ಎರಡು ಅಗಲದ ಬದಿಗಳ ರಬ್ಬರಿಗೆ ಪರೀಕ್ಷೆ ಹೀಗೆ: ಹೆಡ್ ಸ್ಪಾಟಿನಿಂದ (ಬ್ರೇಕ್ ಹೊಡೆಯುವ ತುದಿಯ ಚುಕ್ಕಿ) ಎದುರು ಕುಶನ್ನಿನ ನಡುವಿಗೆ, ಬಾಲ್ ಹಾರದಂತೆ, ಬಲವಾಗಿ ಹೊಡೆದರೆ ಟೇಬಲ್ಲಿನ ಉದ್ದವನ್ನು ನಾಲ್ಕರಿಂದ ನಾಲ್ಕೂವರೆ ಸಲ ಓಡಬೇಕು. ರಬ್ಬರ್ ಬದಲಿಸುವ ಮುಂಚೆ ಬೋಲ್ಟ್ ನೋಡಿ. ಆರು ಬದಿಪಟ್ಟಿಗೆ ಮೂರು ಮೂರರಂತೆ 18 ಬೋಲ್ಟ್ ಅಡಿಯಿಂದ ಇರುತ್ತವೆ, ಒಂದು ಸಡಿಲವಾದರೂ ಬಾಲ್ ಬಡಿದಾಗ ‘ದಡ್’ ಎಂಬ ಮಂಕು ಸದ್ದು ಬರುತ್ತದೆ. ಹೊಸ ರಬ್ಬರ್ ಕೂರಿಸುವವರಿಗೆ ಒಂದೇ ಅಳತೆ ಹೇಳಿ: ಮೂಗಿನ ಎತ್ತರ ಹಾಸಿನಿಂದ 36 ಮಿ.ಮೀ. ಚಿಲ್ಲರೆ, ಅಂದರೆ ಬಾಲಿನ ವ್ಯಾಸದ ನೂರಕ್ಕೆ 63.5 ಪಾಲು. ಇದಕ್ಕಿಂತ ತಗ್ಗಿದರೆ ಬಾಲ್ ನೆಗೆಯುತ್ತದೆ.

ಬಾಲುಗಳ ಬಗ್ಗೆ ದೂರೇ ಇಲ್ಲ. ಫೆನಾಲಿಕ್ ರಾಳದವು, 57.15 ಮಿ.ಮೀ., ಐದು ವರ್ಷಕ್ಕೂ ಹೊಳಪು ಇದೆ. ತೊಳೆಯಲು ಉಗುರುಬೆಚ್ಚನೆ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ. ಬೋರ್ ನೀರು ಬೇಡ, ಆರಿದ ಮೇಲೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ. ಥಿನ್ನರ್, ಪೆಟ್ರೋಲ್ ಹತ್ತಿರ ತರಲೇಬೇಡಿ. ಬಾಲ್ ಕೊಳೆಯಾಗಿದ್ದರೆ ಒಂದಕ್ಕೊಂದು ಅಂಟಿದಂತೆ ತಾಗಿ, ಗುರಿಯಿಟ್ಟ ಕೋನ ತಪ್ಪುತ್ತದೆ.

ಸ್ಟಿಕ್ ಆರಿಸುವಾಗ ಎಲ್ಲರೂ ಟೇಬಲ್ ಮೇಲೆ ಉರುಳಿಸಿ ನೋಡುತ್ತಾರೆ. ಎರಡು ತುಂಡಿನ ಸ್ಟಿಕ್ಕಿಗೆ ಅದೊಂದೇ ಸಾಲದು, ಜಾಯಿಂಟ್ ಸರಿ ಕೂರದಿದ್ದರೂ ಕುಪ್ಪಳಿಸುತ್ತದೆ. ಬಿಚ್ಚಿ ಮುಂದಿನ ತುಂಡನ್ನಷ್ಟೇ ಉರುಳಿಸಿ, ಆಮೇಲೆ ಕಣ್ಣಿಗೆ ಹಿಡಿದು ಬಂದೂಕಿನಂತೆ ನೋಡುತ್ತ ತಿರುಗಿಸಿ. ಪೂಲಿಗೆ 13 ಮಿ.ಮೀ. ಟಿಪ್ (ಬಾಲಿಗೆ ತಾಗುವ ತೊಗಲಿನ ತುದಿ), 19 ಔನ್ಸ್ ತೂಕದಿಂದ ಶುರು ಮಾಡಿ. ಸ್ನೂಕರ್ ಕ್ಲಬ್ಬಿನಿಂದ ಬಂದವರು ಹತ್ತು ಮಿ.ಮೀ. ಒಳಗಿನ ಆಶ್ ಸ್ಟಿಕ್ ತರುತ್ತಾರೆ, ಅದು 52.5 ಮಿ.ಮೀ. ಸ್ನೂಕರ್ ಬಾಲಿಗೆ ಹೇಳಿ ಮಾಡಿಸಿದ್ದು. ಅದರಲ್ಲಿ ಪೂಲ್ ಬ್ರೇಕ್ ಹೊಡೆಸಬೇಡಿ, ಟಿಪ್ ಬೇಗ ಹರಡುತ್ತದೆ.

ಬಾಗಿದ ಸ್ಟಿಕ್ ಬಾಗಿದ್ದು ಆಟದಲ್ಲಲ್ಲ, ಗೋಡೆಗೆ ಓರೆಯಾಗಿ ಒರಗಿ ನಿಂತು. ನೇರವಾಗಿ ನಿಲ್ಲಿಸುವ ರ‍್ಯಾಕ್ ಇರಬೇಕು, ಇಲ್ಲವೇ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಬಿಸಿಲಿಗೆ ನಿಂತ ಕಾರಿನ ಡಿಕ್ಕಿಯಲ್ಲಿ ಬಿಡಲೇಬಾರದು. ಕೊಳೆ ಹಿಡಿದರೆ ಒದ್ದೆ ಮೈಕ್ರೋಫೈಬರ್‌ನಿಂದ ಒರೆಸಿ ಕೂಡಲೇ ಒಣಬಟ್ಟೆಯಿಂದ ಉಜ್ಜಿ. ಮಾತೆತ್ತಿದರೆ ಸ್ಯಾಂಡ್ ಪೇಪರ್ ಹಿಡಿದರೆ ಸ್ಟಿಕ್ ವರ್ಷ ವರ್ಷಕ್ಕೆ ಸಣ್ಣಗಾಗುತ್ತದೆ.

ಟಿಪ್ ಮನೆಯಲ್ಲೇ ಹಾಕಬಹುದು. ಹಳೆಯದನ್ನು ಬ್ಲೇಡಿನಿಂದ ಕೊಯ್ದು ತೆಗೆದು, ಫೆರೂಲಿನ (ಟಿಪ್ಪಿನ ಅಡಿ ಇರುವ ಬಳೆ) ಮುಖ ಒಂದಿಷ್ಟೂ ಅಂಟು ಉಳಿಯದಂತೆ ಸಪಾಟು ಮಾಡಿ. ಟಿಪ್ಪಿನ ಬೆನ್ನನ್ನು 120 ನಂಬರ್ ಪೇಪರ್ ಮೇಲೆ ನಾಲ್ಕು ಸಲ ಎಳೆಯಿರಿ, ಅಂಟು ಹಿಡಿಯಲು ಒರಟು ಬೇಕು. ಫೆವಿಕ್ವಿಕ್ ಒಂದೇ ಹನಿ; ಎರಡಾದರೆ ತೊಗಲು ಕುಡಿದು ಕಲ್ಲಾಗುತ್ತದೆ. ನಡುವೆ ಇಟ್ಟು, ಸ್ಟಿಕ್ ತಲೆಕೆಳಗು ಮಾಡಿ ಸಪಾಟು ನೆಲಕ್ಕೆ ಒತ್ತಿ ಹತ್ತು ನಿಮಿಷ ಬಿಡಿ. ಬದಿಯಲ್ಲಿ ಹೊರಚಾಚಿದ್ದನ್ನು ಕೊಯ್ದು, ತಲೆಯನ್ನು ಗುಂಡಗೆ ಉಜ್ಜಿ, ಮೇಲೆ ಒಂದು ರೂಪಾಯಿ ನಾಣ್ಯ ಅಡ್ಡ ಹಿಡಿದು ಬೆಳಕಿಗೆ ನೋಡಿ: ಟಿಪ್ಪಿನ ಗುಂಡು, ನಾಣ್ಯದ ಗುಂಡು ಒಂದಾಗಬೇಕು. ಸಪಾಟಾದ ಟಿಪ್ಪಿಗೆ ಚಾಕ್ ನಿಲ್ಲದೆ ಮಿಸ್‌ಕ್ಯೂ ಆಗುತ್ತದೆ, ಅಂದರೆ ಟಿಪ್ ಬಾಲಿನ ಮೇಲೆ ಜಾರುತ್ತದೆ. ಅಂಚು ಎರಡು ಮಿ.ಮೀ.ಗೆ ಇಳಿದರೆ ಬದಲಿಸಿ. ಚಾಕನ್ನು ತುಟಿಗೆ ಲಿಪ್‌ಸ್ಟಿಕ್ ಹಚ್ಚಿದಂತೆ ಸವರಬೇಕು, ಗಿರಗಿರ ತಿರುಗಿಸಿ ಬಾವಿ ತೋಡಿದರೆ ಬಳಿದುಕೊಳ್ಳೋದು ಫೆರೂಲಿಗೆ. ಇಡುವಾಗ ನೀಲಿ ಮುಖ ಮೇಲಕ್ಕಿರಲಿ.

ಸ್ವಂತ ಮನೆ, ಅಳತೆಗೆ ಸಿಗುವ ಕೋಣೆ, ಬಿಸಿಲು ಬೀಳದ ಮೂಲೆ ಇದ್ದರೆ ಈ ಟೇಬಲ್ ಕಣ್ಣುಮುಚ್ಚಿ ತಗೊಳ್ಳಬಹುದು. ಬಾಡಿಗೆ ಮನೆಯವರು ಯೋಚಿಸಿ. ಪ್ರತಿ ಸಲ ಮನೆ ಬದಲಿಸಿದಾಗಲೂ 18 ಬೋಲ್ಟ್ ಬಿಚ್ಚಿ, ಬಟ್ಟೆ ಕಿತ್ತು, ಪುಟ್ಟಿ ಒಡೆದು, 70 ಕೆ.ಜಿ. ಕಲ್ಲು ಮೂರು ಸಲ ಮೆಟ್ಟಿಲಿಳಿಸಬೇಕು, ಹೊಸ ಮನೆಯಲ್ಲಿ ಅಷ್ಟನ್ನೂ ಮೊದಲಿಂದ ಮಾಡಬೇಕು. ಕಿತ್ತ ಬಟ್ಟೆ ಮತ್ತೆ ಬಿಗಿಯಾಗಿ ಕೂತರೆ ಅದು ನಿಮ್ಮ ಅದೃಷ್ಟ.