ಅಪ್ಪ ಅಮ್ಮನ ಸಿಮ್‌ನಲ್ಲಿ ಕರೆನ್ಸಿ ತುಂಬಿಸಿ ಇಡಬೇಡಿ

ಮನೆಯ ಹಿರಿಯರಿಗೆ ಈಗಷ್ಟೇ ಸ್ಮಾರ್ಟ್‌ಫೋನ್ ಕೊಡಿಸಿದ್ದೀರಾ? ಸಿಮ್ ಪ್ರಿಪೇಯ್ಡಾ? ಹಾಗಿದ್ದರೆ ಇದನ್ನು ಪೂರ್ತಿ ಓದಿ. ಪ್ಯಾಕ್ ಹಾಕಿಸಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಮೇನ್ ಬ್ಯಾಲೆನ್ಸ್‌ನಲ್ಲಿ ದುಡ್ಡು ಬಿಡಬೇಡಿ. ಅಲ್ಲಿ ಇರುವ ಹಣವನ್ನು ಒಂದೆರಡು ಟಚ್‌ನ ನೆಪದಲ್ಲಿ ಕತ್ತರಿಸಿಕೊಳ್ಳಬಹುದು. ಮೊನ್ನೆ ನಮ್ಮ ಅತ್ತೆಯ ಫೋನಿನಲ್ಲಿ ಹಾಗೇ ಆಯಿತು. ಕೇಳದೇ ಇದ್ದ ಜ್ಯೋತಿಷ್ಯದ ಮೆಸೇಜು, ಕೇಳದೇ ಇದ್ದ ಕಾಲರ್ ಟ್ಯೂನು, ಬ್ಯಾಲೆನ್ಸ್ ಖಾಲಿ. ಇದೆಲ್ಲ ನಿಂತುಹೋಗಿದೆ ಅಂತ ನಾನು ಅಂದುಕೊಂಡಿದ್ದೆ. ನಿಂತಿಲ್ಲ. ಅದಕ್ಕೇ 2011ರಲ್ಲಿ ನನ್ನ ಮೊದಲ ಸ್ಮಾರ್ಟ್‌ಫೋನ್ ಜೊತೆ ಪಟ್ಟ ಪಾಡನ್ನು ಬರೆಯುತ್ತಿದ್ದೇನೆ. ಆಗ ದುಡ್ಡು ಹೋಗುತ್ತಿದ್ದ ದಾರಿಗಳು ಗೊತ್ತಾದರೆ ಈಗಿನದ್ದೂ ಅರ್ಥವಾಗುತ್ತದೆ.

ಆಗ ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ದಿನವೆಲ್ಲ ಫೋನ್ ಕೆಲಸ. ರೈತರಿಗೆ ರೇಟು ಹೇಳಬೇಕು, ಲಾರಿಯವರನ್ನು ವಿಚಾರಿಸಬೇಕು, ಖರೀದಿದಾರರಿಗೆ ತೂಕ ತಿಳಿಸಬೇಕು. ಕರೆನ್ಸಿ ಇಲ್ಲದಿದ್ದರೆ ಕೈ ಕಟ್ಟಿದ ಹಾಗೆ. ಆಂಡ್ರಾಯ್ಡ್ 2.1 ಇದ್ದ ಟಚ್ ಫೋನ್ ಕೊಂಡೆ. ಈಮೇಲ್ ನೋಡಬಹುದು, ಮ್ಯಾಪ್ ನೋಡಬಹುದು ಅಂತ ಖುಷಿ. ಕಂಪನಿಯ ಹೆಸರು ಬರೆಯುವುದಿಲ್ಲ. ಆ ಕಾಲದಲ್ಲಿ ಬೇರೆ ಬೇರೆ ಸಿಮ್ ಇಟ್ಟುಕೊಂಡ ಗೆಳೆಯರೂ ಇದೇ ಗೋಳು ಹೇಳುತ್ತಿದ್ದರು.

ಫೋನ್ ಬಂದ ಮೇಲೆ ಕರೆನ್ಸಿ ಉಳಿಯುವುದೇ ನಿಂತಿತು. ಎದುರಿನ ಅಂಗಡಿಯ ಹುಡುಗನಿಗೇ ಆಶ್ಚರ್ಯ. "ನಿನ್ನೇನ ಹಾಕಿದ್ದೆನಲ್ರೀ ಅಣ್ಣಾರ, ಅಷ್ಟರೊಳಗ ಆತೇನ್ರೀ?" ಅನ್ನುತ್ತಿದ್ದ. ಮಾತು ಜಾಸ್ತಿ ಆಡಿದೆನೇನೋ ಅನ್ನಲು ದಾರಿ ಇರಲಿಲ್ಲ. ಏಕೆಂದರೆ ಅಂಗಡಿಯ ಲೆಕ್ಕದ ಹಾಗೆಯೇ ಇದನ್ನೂ ಬರೆಯತೊಡಗಿದ್ದೆ. ವಹಿಯ ಹಿಂದಿನ ಪುಟದಲ್ಲಿ ಒಂದು ರಾತ್ರಿಯ ಲೆಕ್ಕ ಹೀಗಿತ್ತು: ರಾತ್ರಿ 9ಕ್ಕೆ 84.30, ಬೆಳಿಗ್ಗೆ 6ಕ್ಕೆ 61.10. ನಡುವೆ ಒಂದು ಕರೆ ಇಲ್ಲ, ಒಂದು ಮೆಸೇಜ್ ಇಲ್ಲ. ನಾನು ಮಲಗಿದ್ದೆ, ಫೋನ್ ಮಲಗಿರಲಿಲ್ಲ.

ಏನು ನಡೆಯುತ್ತಿತ್ತು ಅಂದರೆ, ಪ್ಯಾಕ್ ಇಲ್ಲದಿದ್ದರೆ ಆಗ ಇಂಟರ್‌ನೆಟ್‌ಗೆ ಸಾಮಾನ್ಯವಾಗಿ 10 ಕೆಬಿಗೆ 10 ಪೈಸೆ. ಕೇಳಲು ಚಿಲ್ಲರೆ. ಲೆಕ್ಕ ಹಾಕಿದರೆ ಒಂದು ಎಂಬಿಗೆ 10 ರೂಪಾಯಿ ಮೇಲೆ. ಹಳೆಯ ಬಟನ್ ಫೋನಿನಲ್ಲಿ ನಾವಾಗಿ ಬ್ರೌಸರ್ ತೆರೆದರೆ ಮಾತ್ರ ಡೇಟಾ ಹೋಗುತ್ತಿತ್ತು. ಸ್ಮಾರ್ಟ್‌ಫೋನ್ ತಾನಾಗಿಯೇ ಮೇಲ್ ತರುತ್ತದೆ, ಕಾಂಟ್ಯಾಕ್ಟ್ಸ್ ಸಿಂಕ್ ಮಾಡುತ್ತದೆ, ಹವಾಮಾನ ನೋಡುತ್ತದೆ. ನನ್ನ ಪ್ಯಾಕಿನ ಅವಧಿ ಮುಗಿದರೆ ನೆಟ್ ನಿಲ್ಲುತ್ತಿರಲಿಲ್ಲ. ಸುಮ್ನೆ ಮೇನ್ ಬ್ಯಾಲೆನ್ಸ್‌ನಿಂದ ಕತ್ತರಿಸಲು ಶುರು. ಕೇಳುವುದಿಲ್ಲ, ಹೇಳುವುದಿಲ್ಲ. ನನ್ನ ಸಿಟ್ಟು ಇರುವುದು ಇದರ ಮೇಲೆ. ಪ್ಯಾಕ್ ಮುಗಿದಾಗ ನೆಟ್ ನಿಲ್ಲಿಸುವುದು ಕಂಪನಿಗೆ ಕಷ್ಟದ ಕೆಲಸ ಅಲ್ಲವೇ ಅಲ್ಲ. ಬ್ಯಾಲೆನ್ಸ್ ಸೊನ್ನೆ ಆದ ಕ್ಷಣಕ್ಕೆ ಸರಿಯಾಗಿ ನಿಲ್ಲಿಸುತ್ತಿದ್ದರಲ್ಲ!

ಫೋನಿನ ಕಡೆಯಿಂದಲೂ ತಡೆಯಲು ಆಗುತ್ತಿರಲಿಲ್ಲ. ಇವತ್ತು ಮೇಲಿನಿಂದ ಕೆಳಗೆ ಎಳೆದು ಮೊಬೈಲ್ ಡೇಟಾ ಆಫ್ ಮಾಡುತ್ತೀರಿ. ನನ್ನ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಬಟನ್ನೇ ಇರಲಿಲ್ಲ. ಗೂಗಲ್ ಅದನ್ನು ಆಂಡ್ರಾಯ್ಡ್ 2.2ರಲ್ಲಿ ಸೇರಿಸಿತು. ಎಷ್ಟು ಡೇಟಾ ಹೋಯಿತು ಎಂದು ತೋರಿಸುವ ಮೀಟರ್ 4.0ರಲ್ಲಿ ಬಂತು. ಹುಬ್ಬಳ್ಳಿಯ ಗೆಳೆಯನೊಬ್ಬ ಉಪಾಯ ಹೇಳಿಕೊಟ್ಟ. ಸೆಟ್ಟಿಂಗ್ಸ್ ಒಳಗೆ ಎಪಿಎನ್ (ಫೋನನ್ನು ಕಂಪನಿಯ ನೆಟ್‌ಗೆ ಜೋಡಿಸುವ ಹೆಸರು) ಎನ್ನುವ ಜಾಗಕ್ಕೆ ಹೋಗಿ, ಅಲ್ಲಿರುವ ಹೆಸರಿನ ಕೊನೆಗೆ ಒಂದು ಎಕ್ಸ್ ಸೇರಿಸುವುದು. ಹೆಸರು ತಪ್ಪಾದ್ದರಿಂದ ಫೋನಿಗೆ ನೆಟ್ ಸಿಗುವುದಿಲ್ಲ. ಬೇಕಾದಾಗ ಎಕ್ಸ್ ಅಳಿಸುವುದು, ಕೆಲಸ ಮುಗಿದ ಮೇಲೆ ಮತ್ತೆ ಸೇರಿಸುವುದು. ಸಾವಿರಾರು ರೂಪಾಯಿ ಕೊಟ್ಟು ಕೊಂಡ ಫೋನಿನಲ್ಲಿ ನಮ್ಮ ದುಡ್ಡು ಉಳಿಸಿಕೊಳ್ಳಲು ಇದೇ ದಾರಿಯಾಗಿತ್ತು.

ಎಕ್ಸ್ ಹಾಕಿದ ಮೇಲೂ ಸೋರುವುದು ಪೂರ್ತಿ ನಿಲ್ಲಲಿಲ್ಲ. ಎರಡನೇ ದಾರಿ ಇನ್ನೂ ಕೆಟ್ಟದ್ದು.

ಉಚಿತ ಆಟ, ವಾಲ್‌ಪೇಪರ್ ಇರುವ ಆಪ್‌ಗಳಲ್ಲಿ ಜಾಹೀರಾತು ಬರುತ್ತದಲ್ಲ, ಅದರ ಮೇಲೆ ಬೆರಳು ತಾಗಿದರೆ ಒಂದು ಪೇಜ್ ತೆರೆಯುತ್ತಿತ್ತು. ಕ್ರಿಕೆಟ್ ಸ್ಕೋರು, ಸಿನಿಮಾ ಫೋಟೊ, ಏನೋ ಒಂದು. ಅಲ್ಲಿ ಇನ್ನೊಂದು ಸಲ ತಾಗಿದರೆ ಮುಗಿಯಿತು, ನೀವು ಚಂದಾದಾರರು. ನಂಬರ್ ಬರೆಯಬೇಕಿಲ್ಲ, ಪಾಸ್‌ವರ್ಡ್ ಬೇಕಿಲ್ಲ, ಓಟಿಪಿ ಇಲ್ಲ. ಹೇಗೆ ಸಾಧ್ಯ ಅಂತೀರಾ? ನೀವು ಮೊಬೈಲ್ ಡೇಟಾದಲ್ಲಿ ಇರುವಾಗ ಆ ಪೇಜ್ ಹೋಗಿ ಬರುವುದು ಕಂಪನಿಯ ನೆಟ್‌ವರ್ಕ್ ಮೂಲಕವೇ. ಯಾವ ನಂಬರ್‌ನಿಂದ ಬಂತು ಎಂದು ಅದಕ್ಕೆ ಗೊತ್ತು. ಆ ಗುರುತನ್ನು ಹಿಡಿದು ನಿಮ್ಮ ಬ್ಯಾಲೆನ್ಸ್‌ನಿಂದ ಕತ್ತರಿಸುತ್ತಾರೆ. ಬಂದ ಹಣದಲ್ಲಿ ಜಾಹೀರಾತು ಹಾಕಿದವರಿಗೆ ಒಂದು ಪಾಲು, ದೊಡ್ಡ ಪಾಲು ಮೊಬೈಲ್ ಕಂಪನಿಗೇ. ವೈಫೈನಲ್ಲಿ ಇದ್ದಾಗ ಹೀಗೆ ನಂಬರ್ ಸಿಗುವುದಿಲ್ಲ. ಮಕ್ಕಳ ಕೈಗೆ ಫೋನ್ ಕೊಡುವವರು ಇದನ್ನು ನೆನಪಿಡಿ. ನಮ್ಮ ಅಕ್ಕನ ಮಗ ಆಗ ತುಂಬಾ ಚಿಕ್ಕವನು, ಬಲೂನು ಒಡೆಯುವ ಆಟ ಆಡುತ್ತಿದ್ದ. ಅವನ ಬೆರಳು ಎಲ್ಲೆಲ್ಲಿ ತಾಗುತ್ತಿತ್ತೋ ಅವನಿಗೇನು ಗೊತ್ತು!

ಇದಲ್ಲದೆ ಪರದೆಯ ಮೇಲೆ ತಾನಾಗಿ ಹಾರಿ ಬರುವ ಮೆಸೇಜ್‌ಗಳಿದ್ದವು. ಕೆಳಗೆ ಓಕೆ ಮತ್ತು ಕ್ಯಾನ್ಸಲ್. ಜೇಬಿನಿಂದ ತೆಗೆಯುವಾಗ ಬೆರಳು ಓಕೆ ಮೇಲೆ ಬಿದ್ದರೂ ಅದೇ ಒಪ್ಪಿಗೆ. ಯಾರಿಗೋ ಕರೆ ಮಾಡಿದಾಗ ಅವರ ಹಾಡು ಕಾಪಿ ಮಾಡಲು ಸ್ಟಾರ್ ಒತ್ತಿ ಅನ್ನುವುದು ಇನ್ನೊಂದು. ಕಾಲರ್ ಟ್ಯೂನ್‌ಗೆ ನನ್ನಿಂದ ತಿಂಗಳಿಗೆ 30 ರೂಪಾಯಿ ಹೋಗುತ್ತಿತ್ತು. ಆ ಹಾಡು ನಮಗೆ ಕೇಳಿಸುವುದಿಲ್ಲ, ಕರೆ ಮಾಡಿದವರಿಗೆ ಮಾತ್ರ. "ಏನಪಾ, ಹಾಡು ಬದಲಿಸೀಯಲ್ಲ" ಅಂತ ಸಾವ್ಕಾರ್ರು ಅಂದಾಗಲೇ ನನಗೆ ಗೊತ್ತಾಗಿದ್ದು.

ಕಸ್ಟಮರ್ ಕೇರ್‌ಗೆ ಕರೆ ಮಾಡಿದರೆ ಉತ್ತರ ಒಂದೇ: "ಸರ್, ನಿಮ್ಮ ನಂಬರ್‌ನಿಂದಲೇ ಆಕ್ಟಿವೇಟ್ ಆಗಿದೆ." ಯಾವಾಗ, ಹೇಗೆ, ಯಾವ ಪೇಜ್‌ನಿಂದ ಎಂದು ಕೇಳಿದರೆ ಹೇಳುವುದಿಲ್ಲ. ಒಂದನ್ನು ನಿಲ್ಲಿಸುತ್ತಾರೆ, ಹಣ ವಾಪಸ್ ಇಲ್ಲ. ಕೆಲವು ದಿನಕ್ಕೆ ಇನ್ನೊಂದು ಶುರು. ನಂಬರ್ ಬದಲಿಸದೆ ಕಂಪನಿ ಬದಲಿಸುವ ಸೌಲಭ್ಯ ಆ ವರ್ಷ ಜನವರಿ 20ಕ್ಕೆ ದೇಶಕ್ಕೆಲ್ಲ ಬಂದಿತ್ತು. ಪೋರ್ಟ್ ಮಾಡುತ್ತೇನೆ ಅಂದಾಗ ಮಾತ್ರ ಅವರ ದನಿ ಮೆತ್ತಗಾಯಿತು. ಪೋರ್ಟ್ ಮಾಡಿಯೂ ನೋಡಿದೆ. ಹೊಸ ಕಂಪನಿಯಲ್ಲೂ ಜ್ಯೋತಿಷ್ಯದ ಮೆಸೇಜ್ ಬಂತು. ಹಾಗಾಗಿ ಅದನ್ನೇ ಮದ್ದು ಅಂತ ನಂಬಬೇಡಿ. ಮಾಡುವುದಾದರೆ ಇರುವ ಬ್ಯಾಲೆನ್ಸ್ ಮೊದಲು ಖರ್ಚು ಮಾಡಿ, ಅದು ಹೊಸ ಕಡೆಗೆ ಬರುವುದಿಲ್ಲ.

ಕೆಲಸಕ್ಕೆ ಬಂದದ್ದು ವಹಿಯ ಹಿಂದಿನ ಆ ಪುಟ. ತಾರೀಖು, ಹೊತ್ತು, ಹೋದ ಮೊತ್ತ, ದೂರು ಬರೆದುಕೊಂಡಾಗ ಅವರು ಕೊಡುವ ಡಾಕೆಟ್ ನಂಬರ್ ಎಲ್ಲ ಇಟ್ಟು, ಕಂಪನಿಯಲ್ಲಿ ದೂರು ನೋಡುವ ನೋಡಲ್ ಆಫೀಸರ್‌ಗೆ ಪತ್ರ ಬರೆದೆ. ಆಗ ಅವರೇ ಕರೆ ಮಾಡಿದರು. ಒಂದಿಷ್ಟು ಹಣ ಟಾಕ್‌ಟೈಮ್ ರೂಪದಲ್ಲಿ ವಾಪಸ್ ಬಂತು, ಪೂರ್ತಿ ಅಲ್ಲ. ಗ್ರಾಹಕರ ಕೋರ್ಟ್‌ಗೆ ಹೋಗೋಣ ಅಂದರೆ ಹಾವೇರಿಯ ವಕೀಲರು ಬೇಡ ಅಂದರು. ಟೆಲಿಫೋನ್ ಬಿಲ್ಲಿನ ತಕರಾರು ಅಲ್ಲಿ ನಡೆಯುವುದಿಲ್ಲ, ಟೆಲಿಗ್ರಾಫ್ ಕಾಯ್ದೆಯಡಿ ಬೇರೆ ದಾರಿ ಇದೆ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತ್ತು. ಆ ತೀರ್ಪು ತೋರಿಸಿ ಎಷ್ಟೋ ಜನರ ಅರ್ಜಿ ವಾಪಸ್ ಕಳಿಸುತ್ತಿದ್ದರು.

ಈಗ ಪರಿಸ್ಥಿತಿ ಸುಧಾರಿಸಿದೆ, ಅದನ್ನೂ ಹೇಳಬೇಕು. 2013ರ ಜುಲೈನಲ್ಲಿ ಮೊಬೈಲ್ ಕಂಪನಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಟ್ರಾಯ್, ಇಂಥ ಸೇವೆ ಶುರು ಮಾಡುವ ಮೊದಲು ಗ್ರಾಹಕರಿಂದ ಎರಡು ಸಲ ಒಪ್ಪಿಗೆ ಪಡೆಯಲೇಬೇಕು ಎಂದು ಆದೇಶ ಮಾಡಿತು. 2016ರಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು, ದಿನಕ್ಕಿಷ್ಟು ಜಿಬಿ ಪ್ಯಾಕ್‌ಗಳು ಬಂದವು. ರಾತ್ರೋರಾತ್ರಿ ಡೇಟಾ ದುಡ್ಡು ತಿನ್ನುವ ಕಾಟ ಊರೊಳಗೆ ಕಡಿಮೆಯಾಗಿದೆ. ಆದರೆ ಮಗಳ ಮನೆಗೆ ಅಂತ ವಿದೇಶಕ್ಕೆ ಹೋಗುವ ಅಪ್ಪ ಅಮ್ಮನ ಫೋನಿನಲ್ಲಿ ರೋಮಿಂಗ್ ಪ್ಯಾಕ್ ಇಲ್ಲದೆ ಡೇಟಾ ರೋಮಿಂಗ್ ಆನ್ ಇದ್ದರೆ ಅದೇ ಕಥೆ. ವಿಮಾನ ಹತ್ತುವ ಮೊದಲೇ ಆಫ್ ಮಾಡಿಕೊಡಿ. ಇನ್ನು ಎರಡು ಸಲ ಒಪ್ಪಿಗೆ ಅಂದರೂ, ಇಂಗ್ಲಿಷ್ ಓದಲು ಬಾರದ ಅತ್ತೆ ಎರಡು ಸಲವೂ ಓಕೆ ಒತ್ತುತ್ತಾರೆ. ಪರದೆ ಮೇಲೆ ಬಂದದ್ದು ಹೋದರೆ ಸಾಕು ಅಂತ ಒತ್ತುವುದು, ಅದು ಒಪ್ಪಿಗೆ ಅಲ್ಲ.

ನಿಮ್ಮ ಮನೆಯಲ್ಲೂ ಹೀಗಾಗಿದ್ದರೆ ತಡಮಾಡಬೇಡಿ. ಬೇಡದ ಸೇವೆ ನಿಲ್ಲಿಸಲು ಎಲ್ಲ ಕಂಪನಿಗಳಿಗೂ 155223 ಎಂಬ ಒಂದೇ ನಂಬರ್ ಇದೆ, ಕರೆ ಉಚಿತ. ನಿಲ್ಲಿಸಿ ಸುಮ್ಮನಾಗಬೇಡಿ. ದುಡ್ಡು ಕತ್ತರಿಸಿದ ಅದೇ ದಿನ ನಿಮ್ಮ ಕಂಪನಿಯ ದೂರಿನ ನಂಬರ್ 198ಕ್ಕೆ ದೂರು ಕೊಟ್ಟು ಹಣ ವಾಪಸ್ ಕೇಳಿ, ಡಾಕೆಟ್ ನಂಬರ್ ಬರೆದಿಟ್ಟುಕೊಳ್ಳಿ. ಕತ್ತರಿಸಿದ ಮೆಸೇಜ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ಇರಲಿ. ಉತ್ತರ ಸರಿ ಇಲ್ಲದಿದ್ದರೆ ಅದೇ ಕಂಪನಿಯ ಅಪೀಲು ಅಧಿಕಾರಿಗೆ ಬರೆಯಿರಿ. ಇದಕ್ಕೆ ಶುಲ್ಕ ಇಲ್ಲ, 39 ದಿನದೊಳಗೆ ಅವರು ತೀರ್ಮಾನಿಸಬೇಕು. ಟ್ರಾಯ್‌ಗೆ ನೇರವಾಗಿ ಬರೆದರೆ ಅವರು ಒಬ್ಬೊಬ್ಬರ ದೂರನ್ನು ವಿಚಾರಣೆ ಮಾಡುವುದಿಲ್ಲ, ಕಂಪನಿಗೇ ಕಳಿಸುತ್ತಾರೆ. ಕೇಂದ್ರದ ಗ್ರಾಹಕ ಸಹಾಯವಾಣಿ 1915. ಗ್ರಾಹಕರ ಕೋರ್ಟಿನ ಬಾಗಿಲೂ ಈಗ ತೆರೆದಿದೆ. ಮೊಬೈಲ್ ಕಂಪನಿಗಳ ಮೇಲಿನ ದೂರನ್ನು ಅಲ್ಲಿ ಕೇಳಬಹುದು ಎಂದು 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ತೀರ್ಪು ತೋರಿಸಿ ಯಾರಾದರೂ ವಾಪಸ್ ಕಳಿಸಿದರೆ ಇದನ್ನು ತೋರಿಸಿ.

ಎಲ್ಲಕ್ಕೂ ಬೇಕಾದ ದಾಖಲೆ ಒಂದಿದೆ. ಪ್ರಿಪೇಯ್ಡ್ ಇದ್ದರೂ ಯಾವಾಗ ಯಾವುದಕ್ಕೆ ಎಷ್ಟು ಕತ್ತರಿಸಿದರು ಎಂಬ ವಿವರವಾದ ಬಿಲ್ಲನ್ನು ಕೇಳಿ ಪಡೆಯಬಹುದು. ಇದಕ್ಕೆ 50 ರೂಪಾಯಿಗಿಂತ ಹೆಚ್ಚು ಕೇಳುವಂತಿಲ್ಲ. ಅಂಗಡಿಯ ಕೌಂಟರಿನಲ್ಲಿ "ಪ್ರಿಪೇಯ್ಡ್‌ಗೆ ಬಿಲ್ ಇರಲ್ಲ ಸರ್" ಅಂದರೆ ಅಲ್ಲಿಂದ ಎದ್ದು ಬರಬೇಡಿ, ಅರ್ಜಿಯನ್ನು ಬರವಣಿಗೆಯಲ್ಲೇ ಕೊಡಿ. ಹಿಂದಿನ ಆರು ತಿಂಗಳಿನದ್ದು ಮಾತ್ರ ಸಿಗುವುದು, ಅದಕ್ಕೇ ಈ ವಾರವೇ ಕೇಳಿ.