ಕೊಬ್ಬಿನ ಪ್ರಮಾಣ ತೋರಿಸುವ ತೂಕದ ಯಂತ್ರ: ಐದು ತಿಂಗಳು ಬಳಸಿದ ಮೇಲೆ

ತಂದೆಯವರಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ನನ್ನ ಮೈತೂಕದ ಮೇಲೆ ಈಗಿನಿಂದಲೇ ನಿಗಾ ಇಡಬೇಕೆಂದು ವೈದ್ಯರು ಹೇಳಿದ್ದರು. ಹಾಗಾಗಿ ತೂಕದ ಜೊತೆಗೆ ಮೈಕೊಬ್ಬಿನ ಪ್ರಮಾಣವನ್ನೂ ಅಳೆದು ಮೊಬೈಲ್ ಆ್ಯಪ್‌ಗೆ ಕಳುಹಿಸುವ ಡಿಜಿಟಲ್ ಯಂತ್ರವೊಂದನ್ನು ಐದು ತಿಂಗಳ ಹಿಂದೆ ಆನ್‌ಲೈನ್‌ನಲ್ಲಿ ತರಿಸಿಕೊಂಡೆ.

ತೂಕ ನೋಡುವ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ಗಟ್ಟಿ ನೆಲದ ಮೇಲಿಟ್ಟು ಮೂರು ಸಲ ಹತ್ತಿಳಿದರೂ ನೂರು ಗ್ರಾಂ ಆಚೀಚೆ ಆಗುವುದಿಲ್ಲ.

ಕೊಬ್ಬಿನ ಅಂಕಿಯನ್ನು ಮಾತ್ರ ಹಾಗೆ ನಂಬುವಂತಿಲ್ಲ. ಲೋಹದ ಪಟ್ಟಿಗಳ ಮೇಲೆ ಬರಿಗಾಲಲ್ಲಿ ನಿಂತಾಗ ನಮ್ಮ ಅರಿವಿಗೆ ಬಾರದಷ್ಟು ಕ್ಷೀಣವಾದ ವಿದ್ಯುತ್ತು ಮೈಯೊಳಗೆ ಹರಿಯುತ್ತದೆ; ನೀರಿನಂಶ ಹೆಚ್ಚಿರುವ ಸ್ನಾಯು ಅದಕ್ಕೆ ದಾರಿ ಬಿಡುತ್ತದೆ, ಕೊಬ್ಬು ತಡೆಯುತ್ತದೆ, ಆ ತಡೆಗೆ ವಯಸ್ಸು, ಲಿಂಗ, ಎತ್ತರಗಳನ್ನು ಸೇರಿಸಿ ಸೂತ್ರವೊಂದು ಅಂದಾಜು ಹೇಳುತ್ತದೆ. ಒಂದು ದಿನ ಬೆಳಿಗ್ಗೆ ಶೇ 27.8 ಇದ್ದದ್ದು ಸಂಜೆಗೆ 25.9 ಆಗಿತ್ತು. ಕೊಬ್ಬು ಒಂದು ಹಗಲಿನಲ್ಲಿ ಅಷ್ಟು ಕರಗುವುದಿಲ್ಲ, ವ್ಯತ್ಯಾಸವಾಗಿದ್ದು ಮೈಯ ನೀರಿನಲ್ಲಿ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ, ವಾರಗಳ ಏರಿಳಿತವನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಪೇಸ್‌ಮೇಕರ್ ಅಳವಡಿಸಿಕೊಂಡವರು ಇಂಥ ಯಂತ್ರವನ್ನು ಹತ್ತಲೇಬಾರದು.

ನನ್ನ ದೊಡ್ಡ ತಕರಾರು ಇರುವುದು ಆ್ಯಪ್‌ನ ಬಗ್ಗೆ. 168 ಸೆಂ.ಮೀ. ಎತ್ತರದ ನಾನು ಮೊದಲ ದಿನ 68 ಕೆ.ಜಿ. ಇದ್ದೆ, ಅಂದರೆ ಬಿಎಂಐ (ಕೆ.ಜಿ. ತೂಕವನ್ನು ಮೀಟರ್‌ನಲ್ಲಿನ ಎತ್ತರದ ವರ್ಗದಿಂದ ಭಾಗಿಸಿದ ಅಂಕಿ) 24.1. ಆ್ಯಪ್ ಅದನ್ನು ಹಸಿರು ಬಣ್ಣದಲ್ಲಿ ‘ಸಾಮಾನ್ಯ’ ಎಂದು ತೋರಿಸಿತು, ಏಕೆಂದರೆ ಅದರ ಗಡಿ 25. ಆದರೆ ಭಾರತೀಯರ ಮಟ್ಟಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲೇ ಒಮ್ಮತದಿಂದ ಹೇಳಿದ್ದಾರೆ. ಇದಕ್ಕೆ ಕಾರಣ ತಿಳಿಯಬೇಕಾದರೆ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದ ತಮ್ಮಿಬ್ಬರ ಚಿತ್ರವನ್ನು ನೋಡಬೇಕು. ಇಬ್ಬರ ಬಿಎಂಐ ಕೂಡ 22.3 ಇತ್ತು, ಆದರೆ ಕೊಬ್ಬು ಯುಡ್ಕಿನ್ನರಲ್ಲಿ ಶೇ 9.1, ಯಾಜ್ಞಿಕರಲ್ಲಿ ಶೇ 21.2. ತೆಳ್ಳಗೆ ಕಾಣುವ ನಮ್ಮವರ ಹೊಟ್ಟೆಯೊಳಗೆ ಕೊಬ್ಬು ಶೇಖರವಾಗಿರುತ್ತದೆ ಎಂಬುದು ಯಾಜ್ಞಿಕರು ದಶಕಗಳಿಂದ ಅಧ್ಯಯನ ಮಾಡಿರುವ ವಿಷಯ. 2023ರಲ್ಲಿ ಪ್ರಕಟವಾದ ಐಸಿಎಂಆರ್–ಇಂಡಿಯಾಬ್ ಎಂಬ ದೇಶವ್ಯಾಪಿ ಸಕ್ಕರೆ ಕಾಯಿಲೆ ಸಮೀಕ್ಷೆಯಲ್ಲೂ ಬಿಎಂಐ ಪ್ರಕಾರದ ಬೊಜ್ಜು ಶೇ 28.6 ಇದ್ದರೆ ಹೊಟ್ಟೆಯ ಬೊಜ್ಜು ಶೇ 39.5 ಇತ್ತು. ಸಕ್ಕರೆ ಕಾಯಿಲೆಯ ಮನೆತನದವನಿಗೆ ಹಸಿರು ಬಣ್ಣ ತೋರಿಸಿ ನೆಮ್ಮದಿಯಾಗಿ ಕೂರಿಸುವುದು ಸಣ್ಣ ತಪ್ಪಲ್ಲ.

ಗಡಿ ಬದಲಿಸುವ ಸೌಲಭ್ಯವಿದೆಯೇ ಎಂದು ಕಂಪನಿಗೆ ಬರೆದು ಕೇಳಿದೆ; ಇಲ್ಲ ಎಂಬ ಉತ್ತರ ಬಂತು. ಆಮೇಲೆ ದರ್ಜಿಗಳು ಬಳಸುವ ಟೇಪೊಂದನ್ನು ತಂದು, ಉಸಿರು ಬಿಟ್ಟು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಿ ನೋಡಿದೆ. 94 ಸೆಂ.ಮೀ. ಬಂತು. ನಮ್ಮಲ್ಲಿ ಗಂಡಸರಿಗೆ ಮಿತಿ 90, ಹೆಂಗಸರಿಗೆ 80.

ಆದ್ದರಿಂದ ತೂಕಕ್ಕಾಗಿ ಈ ಯಂತ್ರಕ್ಕೆ ಐದರಲ್ಲಿ ನಾಲ್ಕು ಅಂಕ, ಆ್ಯಪ್‌ಗೆ ಒಂದೇ ಅಂಕ ಕೊಡುತ್ತೇನೆ. ತೂಕವಷ್ಟೇ ಸಾಕೆನ್ನುವವರು ಕಡಿಮೆ ಬೆಲೆಯ ಸಾಮಾನ್ಯ ಯಂತ್ರ ಕೊಂಡು, ಜೊತೆಗೆ ಒಂದು ಟೇಪು ಇಟ್ಟುಕೊಳ್ಳಲಿ. ನನ್ನ ಟೇಪು ಯಂತ್ರದ ಪಕ್ಕದ ಮೊಳೆಯಲ್ಲೇ ನೇತಾಡುತ್ತಿದೆ; ಕಳೆದ ಭಾನುವಾರ ಅದು 91 ತೋರಿಸಿತು.