ಹೆಣಗಳಿಲ್ಲದ ಯುದ್ಧಚಿತ್ರಗಳು: ಇಂಪೀರಿಯಲ್ ವಾರ್ ಮ್ಯೂಸಿಯಂ ಜಾಲತಾಣದಲ್ಲಿ ಪಾಲ್ ನ್ಯಾಶ್

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ತನ್ನ ಕಲಾಸಂಗ್ರಹವನ್ನು ಜಾಲತಾಣದಲ್ಲಿ ಉಚಿತವಾಗಿ ನೋಡಲು ತೆರೆದಿಟ್ಟಿದೆ. ಇಂಗ್ಲಿಷ್ ಚಿತ್ರಕಾರ ಪಾಲ್ ನ್ಯಾಶ್ (1889–1946) ಅವರ ಚಿತ್ರಗಳಿಗಾಗಿಯೇ ಈ ತಾಣವನ್ನು ನೋಡಬೇಕೆಂದು ನಾನು ಶಿಫಾರಸು ಮಾಡುತ್ತೇನೆ.

ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಸೇನಾಧಿಕಾರಿಯಾಗಿದ್ದ ನ್ಯಾಶ್, ಕಂದಕಕ್ಕೆ ಬಿದ್ದು ಪಕ್ಕೆಲುಬು ಮುರಿದುಕೊಂಡು ಇಂಗ್ಲೆಂಡಿಗೆ ಮರಳಿದರು. ಕೆಲವೇ ದಿನಗಳಲ್ಲಿ ಅವರ ತುಕಡಿಯ ಅನೇಕರು ‘ಹಿಲ್ 60’ ಎಂಬ ಗುಡ್ಡದ ಬಳಿ ಹತರಾದರು. ಅದೇ ವರ್ಷದ ಕೊನೆಯಲ್ಲಿ ಅವರು ಸರ್ಕಾರದ ಅಧಿಕೃತ ಯುದ್ಧಚಿತ್ರಕಾರರಾಗಿ ಮತ್ತೆ ಅಲ್ಲಿಗೆ ಹೋದರು.

‘ವಿ ಆರ್ ಮೇಕಿಂಗ್ ಎ ನ್ಯೂ ವರ್ಲ್ಡ್’ (1918), ಅಂದರೆ ‘ನಾವು ಹೊಸ ಜಗತ್ತನ್ನು ಕಟ್ಟುತ್ತಿದ್ದೇವೆ’, ಎಂಬ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನಿಧಾನವಾಗಿ ನೋಡಬೇಕು. ಕೆಂಗಂದು ಮೋಡಗಳ ಮೇಲೆ ಬಿಳಿಯ ಸೂರ್ಯ ಏರುತ್ತಿದ್ದಾನೆ; ಕೆಳಗೆ ಸಿಡಿದು ಮೊಂಡಾದ ಮರಗಳ ನಡುವೆ ನೆಲವು ಕುದಿಯುವ ಅಂಬಲಿಯಂತೆ ಗುಳ್ಳೆಯೆದ್ದು, ಹಾಗೆಯೇ ಹೆಪ್ಪುಗಟ್ಟಿದೆ. ಒಬ್ಬ ಮನುಷ್ಯನೂ ಇಲ್ಲ, ರಕ್ತದ ಹನಿಯೂ ಇಲ್ಲ. ಯೋಧನ ಶವವನ್ನು ಚಿತ್ರಿಸಿದರೆ ನೋಡುಗನು ಅವನಿಗಾಗಿ ಮರುಗಿ, ಅವನನ್ನು ವೀರನೆಂದು ಕರೆದು ಸಮಾಧಾನ ಪಡಬಹುದು. ನ್ಯಾಶ್ ಚಿತ್ರಿಸಿದ ನೆಲವಾದರೋ ಅಂಥ ಸಮಾಧಾನಕ್ಕೆ ಎಡೆಗೊಡುವುದಿಲ್ಲ. ಇದೇ ಚಿತ್ರವನ್ನು ಸರ್ಕಾರವು 1918ರಲ್ಲಿ ತನ್ನ ಪ್ರಚಾರ ಪ್ರಕಟಣೆಯೊಂದರ ಮುಖಪುಟದಲ್ಲಿ ಶೀರ್ಷಿಕೆಯಿಲ್ಲದೆ ಅಚ್ಚುಹಾಕಿತ್ತು. ಶೀರ್ಷಿಕೆಯ ಕಹಿಯನ್ನು ಕಳೆದುಕೊಂಡ ಆ ಸೂರ್ಯನನ್ನು ಶುಭಸೂಚನೆಯೆಂದು ಓದುವುದೂ ಸಾಧ್ಯವಿತ್ತೇನೋ!

‘ದ ಮೆನಿನ್ ರೋಡ್’ (1919) ಚಿತ್ರದಲ್ಲಿ ಇಬ್ಬರು ಯೋಧರಿದ್ದಾರೆ, ಆದರೆ ಅವರು ಹಿಡಿಯಬೇಕಾದ ರಸ್ತೆಯೇ ಗುರುತು ಸಿಗದಂತೆ ಅಳಿಸಿಹೋಗಿದೆ. ಮುನ್ನೆಲೆಯಲ್ಲಿ ಫಿರಂಗಿಯ ಗುಂಡುಗಳು ಸಿಡಿದು ಆದ, ನೀರು ತುಂಬಿದ ಹೊಂಡಗಳು, ಕಾಂಕ್ರೀಟ್ ಗಟ್ಟಿಗಳು, ತಗಡುಗಳು ಚೆಲ್ಲಾಡಿವೆ. ಹೊಗೆಯನ್ನು ಸೀಳಿ ಬರುವ ಬಿಸಿಲಿನ ಕೋಲುಗಳೂ ಫಿರಂಗಿಯ ನಳಿಕೆಗಳಂತೆಯೇ ಕಾಣುತ್ತವೆ. ಯುದ್ಧಸ್ಮಾರಕ ಭವನವೊಂದಕ್ಕೆಂದು ಬರೆಸಿದ ಚಿತ್ರವಿದು. ಆ ಭವನವನ್ನು ಕಟ್ಟಲೇ ಇಲ್ಲ.

ಜಾಲತಾಣದ ಮಿತಿ ಇಲ್ಲಿ ಗೊತ್ತಾಗುತ್ತದೆ. ಈ ಕ್ಯಾನ್ವಾಸು ಮೂರು ಮೀಟರಿಗಿಂತ ಅಗಲವಾಗಿದೆ. ಹಿಂದಿನ ಚಿತ್ರದ ಅಗಲ ಒಂದು ಮೀಟರಿಗೂ ಕಡಿಮೆ. ಪರದೆಯ ಮೇಲೆ ಎರಡೂ ಅಂಗೈಯಗಲಕ್ಕೆ ಇಳಿಯುತ್ತವೆ. ಆದ್ದರಿಂದ ಅಳತೆಯನ್ನು ಮೊದಲು ಓದಿಕೊಂಡು ನೋಡುವುದು ಒಳ್ಳೆಯದು, ಮತ್ತು ಮೊಬೈಲಿಗಿಂತ ದೊಡ್ಡ ಪರದೆಯೇ ಲೇಸು. ಎರಡನೆಯ ಮಹಾಯುದ್ಧದಲ್ಲಿ ಮುರಿದ ಜರ್ಮನ್ ವಿಮಾನಗಳ ರಾಶಿಯನ್ನು ಕಡಲಾಗಿಸಿ ನ್ಯಾಶ್ ಬರೆದ ‘ಟೋಟೆಸ್ ಮೇರ್’ (ಜರ್ಮನ್ನಿನಲ್ಲಿ ‘ಸತ್ತ ಕಡಲು’) ಬೇಕೆನ್ನುವವರು ಬ್ರಿಟನ್ನಿನ ಟೇಟ್ ಕಲಾಸಂಗ್ರಹದ ಜಾಲತಾಣಕ್ಕೆ ಹೋಗಬೇಕು.